ಚೀನದ ಸೂಜಿವೈದ್ಯ

ಸೋಲಾಪುರವು ನಮ್ಮ ವಿಜಯಪುರದಿಂದ ನೂರು ಕಿಲೋಮೀಟರಿನಷ್ಟು ದೂರದ ಊರು. ಶಿವಯೋಗಿ ಸಿದ್ಧರಾಮೇಶ್ವರನು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಈಗಿನ ಸೋಲಾಪುರವೆಂಬುದನ್ನು ವಾಚಕರು ಬಲ್ಲರು. ಜಾತ್ರೆಗೆಂದೋ, ನಂಟರಿಷ್ಟರ ಮದುವೆಗೆಂದೋ, ಚಾದರಗಳನ್ನು ಕೊಳ್ಳಲೆಂದೋ ಆ ಊರಿಗೆ ನಾವು ಹೋದ ಸಲಗಳಿಗೆ ಲೆಕ್ಕವಿಲ್ಲ. ಆದರೂ ಅಲ್ಲಿಯೇ ಹುಟ್ಟಿ ಬೆಳೆದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರ ಮನೆಯನ್ನು ನಾವು ಮೊದಲ ಬಾರಿಗೆ ಕಂಡದ್ದು ೨೦೧೮ರ ಫೆಬ್ರವರಿಯಲ್ಲಿ, ಚೀನ ದೇಶದ ಪ್ರಯಾಣವು ನಿಶ್ಚಯವಾದ ಮೇಲೆ. ಮಗ್ಗುಲ ಮನೆಯ ಮಹನೀಯರ ಪರಿಚಯವು ದೂರದೇಶಕ್ಕೆ ಹೊರಟಾಗಲೇ ಆಗಬೇಕೆಂಬುದು ಮನುಷ್ಯನ ಹಣೆಯ ಬರಹವೆಂದು ತೋರುತ್ತದೆ.

ಆ ಮನೆಯನ್ನು ಈಗ ಸ್ಮಾರಕವಾಗಿ ಕಾಪಾಡಿದ್ದಾರೆ. ೧೯೩೮ರಲ್ಲಿ ಜಪಾನಿನ ಸೇನೆಯು ಚೀನದ ಮೇಲೆ ಬಿದ್ದಿದ್ದಾಗ, ಗಾಯಾಳುಗಳ ಶುಶ್ರೂಷೆಗಾಗಿ ನಮ್ಮ ರಾಷ್ಟ್ರೀಯ ಮಹಾಸಭೆಯು ಐವರು ವೈದ್ಯರನ್ನು ಕಳುಹಿಸಿತು. ಅಟಲ್, ಚೋಳ್ಕರ್, ಕೋಟ್ನೀಸ್, ಬಸು, ಮುಖರ್ಜಿ ಎಂಬ ಆ ಐವರಲ್ಲಿ ನಾಲ್ವರು ಹಿಂದಿರುಗಿದರು. ಕೋಟ್ನೀಸರು ಹಿಂದಿರುಗಲಿಲ್ಲ. ಗುಡ್ಡಗಾಡಿನ ಯುದ್ಧಭೂಮಿಯಲ್ಲಿ ಹಗಲಿರುಳು ಶಸ್ತ್ರಚಿಕಿತ್ಸೆ ಮಾಡುತ್ತ, ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ವರಿಸಿ, ಹುಟ್ಟಿದ ಮಗನಿಗೆ ಭಾರತ ಮತ್ತು ಚೀನ ಎಂಬ ಅರ್ಥ ಬರುವ ‘ಯಿನ್‌ಹುವಾ’ ಎಂಬ ಹೆಸರಿಟ್ಟು, ಆ ಮಗುವು ಇನ್ನೂ ತೊಟ್ಟಿಲಲ್ಲಿರುವಾಗಲೇ, ೧೯೪೨ರ ಡಿಸೆಂಬರ್ ೯ರಂದು, ತಮ್ಮ ೩೨ನೆಯ ವಯಸ್ಸಿನಲ್ಲಿ ಅಪಸ್ಮಾರದ ಬಾಧೆಯಿಂದ ತೀರಿಕೊಂಡರು. ಇವರ ಜೊತೆಗಾರರಾದ ಕಲಕತ್ತೆಯ ಡಾಕ್ಟರ್ ವಿಜಯಕುಮಾರ ಬಸುಗಳು ೧೯೫೮ರಲ್ಲಿ ಮತ್ತೊಮ್ಮೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು ಬಂದು, ಮರುವರ್ಷವೇ ಅದನ್ನು ಕಲಕತ್ತೆಯಲ್ಲಿ ಆರಂಭಿಸಿದರು. ಅಕ್ಯುಪಂಕ್ಚರ್ ಎಂದು ಈಗ ಎಲ್ಲರ ಬಾಯಲ್ಲಿರುವ ವಿದ್ಯೆಯು ನಮ್ಮ ದೇಶದಲ್ಲಿ ಬೇರೂರಿದ್ದು ಹೀಗೆ. ಸೋಲಾಪುರದ ಆ ಮನೆಯಲ್ಲಿ ಬಸುಗಳ ವೃತ್ತಾಂತವನ್ನು ಕೇಳಿದಾಗ ನಮ್ಮ ಮನೆಯವರು ತಮ್ಮ ಮೊಣಕಾಲನ್ನು ತಾವೇ ಒತ್ತಿಕೊಂಡರು. ಆ ಸನ್ನೆಯ ಅರ್ಥವು ನಮಗೆ ತಿಳಿಯದೆ ಇರಲಿಲ್ಲ.

ಅವರಿಗಾಗ ಐವತ್ತೆಂಟು ವರ್ಷ. ಏಳು ವರ್ಷಗಳಿಂದ ಮೊಣಕಾಲ ನೋವು. ಮೊದಲು ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಆಮೇಲೆ ದೇವರ ಮುಂದೆ ಕುಳಿತರೆ ಏಳುವುದು ಕಷ್ಟವಾಯಿತು. ಕಡೆಗೆ ಬೆಳಗಿನ ರಂಗೋಲಿಯನ್ನು ನೆರೆಮನೆಯ ಹುಡುಗಿಗೆ ಒಪ್ಪಿಸಬೇಕಾಯಿತು. ಇದೊಂದನ್ನು ಅವರು ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದರು. ಕೀಲಿನ ಮೆತ್ತೆಲುಬು ಸವೆದಿದೆ, ಮೈತೂಕ ಇಳಿಯಬೇಕು, ತೊಡೆಯ ಸ್ನಾಯುಗಳಿಗೆ ದಿನವೂ ವ್ಯಾಯಾಮ ಬೇಕು, ಮುಂದೊಂದು ದಿನ ಕೀಲನ್ನೇ ಬದಲಾಯಿಸಬೇಕಾದೀತು ಎಂದು ನಮ್ಮ ಊರಿನ ವೈದ್ಯರು ಹೇಳಿದ್ದರು. ಇದರ ಜೊತೆಗೆ ಹತ್ತು ವರ್ಷಗಳ ಸಕ್ಕರೆಯ ಕಾಯಿಲೆ ಬೇರೆ. ಶಸ್ತ್ರಕ್ರಿಯೆಯ ಮಾತೆತ್ತಿದರೆ ಊಟ ಬಿಡುವ ಸ್ವಭಾವ ಅವರದು. ಆಗ್ಗೆ ನಮ್ಮ ಹಿರಿಯ ಮಗನು ಪೀಕಿಂಗ್, ಎಂದರೆ ಈಗಿನ ಬೀಜಿಂಗ್ ನಗರದಲ್ಲಿ ಉದ್ಯೋಗದಲ್ಲಿದ್ದನು. ಆರು ವಾರ ಬಂದು ಇದ್ದು ಹೋಗಿರಿ, ಇಲ್ಲಿಯ ಸೂಜಿವೈದ್ಯವನ್ನೂ ಒಂದು ಕೈ ನೋಡಿದಂತಾಗುವುದು ಎಂದು ಬರೆದನು. ಹೀಗೆ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ನಾವು ಹೊರಟೆವು.

ಪೀಕಿಂಗಿನ ಮಾರ್ಚ್ ತಿಂಗಳೆಂದರೆ ವಸಂತವೆಂದು ಹೆಸರು ಮಾತ್ರ. ಉತ್ತರದಿಂದ ಬೀಸುವ ಒಣಗಾಳಿಯು ಕಿವಿಯನ್ನು ಕತ್ತರಿಸುವಂತಿರುತ್ತದೆ. ಆದರೂ ಬೆಳಗಾಗುವ ಹೊತ್ತಿಗೆ ಉದ್ಯಾನಗಳಲ್ಲಿ ಮುದುಕರೂ ಮುದುಕಿಯರೂ ನೆರೆದು, ನೀರಿನೊಳಗೆ ನಡೆದಾಡುವವರಂತೆ ನಿಧಾನವಾಗಿ ಕೈಕಾಲುಗಳನ್ನಾಡಿಸುತ್ತ ವ್ಯಾಯಾಮ ಮಾಡುವ ದೃಶ್ಯವು ಮನೋಹರವಾದುದು. ನಮ್ಮ ಮನೆಯವರು ಮೊದಲ ದಿನ ಕಿಟಕಿಯಿಂದ ನೋಡಿದರು. ಮೂರನೆಯ ದಿನ ಶಾಲು ಹೊದ್ದು ಅಂಚಿನಲ್ಲಿ ನಿಂತರು. ಅರಮನೆಗಳನ್ನೂ ಮಹಾಗೋಡೆಯನ್ನೂ ವರ್ಣಿಸಿದ ಲೇಖನಗಳು ಬೇಕಾದಷ್ಟಿವೆಯಾದುದರಿಂದ ಅವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಮಹಾಗೋಡೆಯ ಮೆಟ್ಟಿಲುಗಳು ನಮ್ಮ ಪಾಲಿಗೆ ಇರಲೂ ಇಲ್ಲವೆನ್ನಿ.

ಮಗನು ಕರೆದುಕೊಂಡು ಹೋದ ವೈದ್ಯಶಾಲೆಯು ಚೀನೀ ವೈದ್ಯಕ್ಕೇ ಮೀಸಲಾದ ದೊಡ್ಡ ಸರಕಾರಿ ಆಸ್ಪತ್ರೆ. ಅಲ್ಲಿಯ ಮೊಗಸಾಲೆಯಲ್ಲಿ ಆಳೆತ್ತರದ ಒಂದು ಕಂಚಿನ ಪುರುಷವಿಗ್ರಹವಿತ್ತು. ಮೈತುಂಬ ಸಣ್ಣ ಸಣ್ಣ ರಂಧ್ರಗಳು, ಪ್ರತಿಯೊಂದರ ಪಕ್ಕದಲ್ಲಿಯೂ ಚೀನೀ ಅಕ್ಷರಗಳು. ಇದು ಪ್ರತಿಕೃತಿ. ಮೂಲ ವಿಗ್ರಹಗಳೆರಡನ್ನು ಸುಂಗ್ ವಂಶದ ಚಕ್ರವರ್ತಿಯ ಅಪ್ಪಣೆಯಂತೆ ವಾಂಗ್ ವೇಯಿಯಿ ಎಂಬ ರಾಜವೈದ್ಯನು ೧೦೨೭ರಲ್ಲಿ ಎರಕ ಹೊಯ್ಯಿಸಿದನು. ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲವದು. ಚಿಕಿತ್ಸಾಸ್ಥಾನಗಳ ಹೆಸರುಗಳು ೩೫೪. ದೇಹದ ಎರಡು ಪಕ್ಕಗಳಲ್ಲಿಯೂ ಎಣಿಸಿದರೆ ರಂಧ್ರಗಳು ೬೫೭. ವಿದ್ಯಾರ್ಥಿಗಳ ಪರೀಕ್ಷೆಯ ದಿನ ವಿಗ್ರಹಕ್ಕೆ ಮೇಲೆ ಮೇಣವನ್ನು ಬಳಿದು, ಒಳಗೆ ನೀರು ತುಂಬಿ ನಿಲ್ಲಿಸುತ್ತಿದ್ದರಂತೆ. ಸೂಜಿ ಚುಚ್ಚಿದ ಜಾಗವು ಸರಿಯಾಗಿದ್ದರೆ ನೀರು ಜಿನುಗುವುದು. ತಪ್ಪಾಗಿದ್ದರೆ ಸೂಜಿ ಒಳಗೆ ಹೋಗುವುದೇ ಇಲ್ಲ. ಗುರುಗಳಿಗೆ ಅಂಕ ಕೊಡುವ ಶ್ರಮವಿಲ್ಲ, ಶಿಷ್ಯರಿಗೆ ವಾದಿಸುವ ಎಡೆಯಿಲ್ಲ. ಇಂತಹ ಪರೀಕ್ಷೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಪರಿಶೀಲಿಸಬಹುದೆಂದು ನಮಗೆ ಅನಿಸಿತು. ಮುಂದೆ ೧೪೪೩ರಲ್ಲಿ ಮಿಂಗ್ ದೊರೆಗಳು ಮಾಡಿಸಿದ ಇನ್ನೊಂದು ಕಂಚಿನ ಪುರುಷನು ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದಾನೆ.

ಚೀನೀಯರು ಎಂದೆಂದಿಗೂ ಈ ವಿದ್ಯೆಯನ್ನು ತಲೆಯ ಮೇಲೆ ಹೊತ್ತಿದ್ದರೆಂದು ತಿಳಿಯಬಾರದು. ೧೮೨೨ರಲ್ಲಿ ಚಕ್ರವರ್ತಿಯೇ ಇದನ್ನು ರಾಜವೈದ್ಯಶಾಲೆಯಿಂದ ಹೊರಗೆ ಹಾಕಿದನು. ೧೯೨೯ರಲ್ಲಿ ಹಳೆಯ ವೈದ್ಯವನ್ನೆಲ್ಲ ನಿಲ್ಲಿಸಿಬಿಡಬೇಕೆಂಬ ಸೂಚನೆಯೂ ಬಂದಿತ್ತು. ಹಳ್ಳಿಹಳ್ಳಿಗೂ ಹೊಸ ವೈದ್ಯರು ದೊರೆಯದ ಕಾಲದಲ್ಲಿ, ೧೯೫೦ರ ಈಚೆಗೆ, ಅಲ್ಲಿಯ ಸರಕಾರವು ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ೧೯೭೧ರಲ್ಲಿ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪ್ರಸಿದ್ಧ ಪತ್ರಕರ್ತರು ಪೀಕಿಂಗಿಗೆ ಬಂದಿದ್ದಾಗ ಕರುಳಬಾಲದ ಉರಿಯೂತಕ್ಕೆ ಶಸ್ತ್ರಕ್ರಿಯೆಯಾಗಿ, ಆಮೇಲಿನ ಹೊಟ್ಟೆಯುಬ್ಬರಕ್ಕೆ ಮೊಳಕೈಯಲ್ಲಿಯೂ ಮೊಣಕಾಲುಗಳ ಕೆಳಗೂ ಸೂಜಿ ಹಾಕಿಸಿಕೊಂಡು, ಅದನ್ನು ತಮ್ಮ ಪತ್ರಿಕೆಗೆ ಬರೆದರು. ಶಸ್ತ್ರಕ್ರಿಯೆಯನ್ನೇ ಸೂಜಿಯಿಂದ ಅರಿವಳಿಸಿ ಮಾಡಿದರೆಂದು ಹಲವರು ಈಗಲೂ ಹೇಳುವುದುಂಟು, ಅದು ಸರಿಯಲ್ಲ. ಅವರಿಗೆ ಕೊಟ್ಟದ್ದು ಎಲ್ಲ ಕಡೆಯಂತೆ ಅರಿವಳಿಕೆಯ ಔಷಧವೇ. ೨೦೧೦ರಲ್ಲಿ ಯುನೆಸ್ಕೋ ಸಂಸ್ಥೆಯು ಈ ವಿದ್ಯೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ಇನ್ನು ನಮ್ಮ ಕಥೆ. ವೈದ್ಯೆಯು ಐವತ್ತರ ಆಸುಪಾಸಿನ, ಕಡಮೆ ಮಾತಿನ ಹೆಂಗಸು. ಮೊದಲು ನಮ್ಮ ಮನೆಯವರ ನಾಲಗೆಯನ್ನು ಹೊರಚಾಚಿಸಿ ಅದರ ಬಣ್ಣವನ್ನೂ ಅಗ್ರವನ್ನೂ ನೋಡಿದರು. ಅನಂತರ ಎರಡು ಮಣಿಕಟ್ಟುಗಳ ಮೇಲೂ ಮೂರು ಮೂರು ಬೆರಳಿಟ್ಟು ನಾಡಿಯನ್ನು ಬಹಳ ಹೊತ್ತು ನೋಡಿದರು. ನಮ್ಮ ಪಂಡಿತರ ನಾಡಿಪರೀಕ್ಷೆಯನ್ನು ಕಂಡವರಿಗೆ ಇದೇನೂ ಹೊಸದಲ್ಲ. ಆಮೇಲೆ ಪ್ರಶ್ನೆಗಳು ಹೊರಟವು: ನಿದ್ರೆ ಹೇಗೆ, ಬಾಯಾರಿಕೆ ಹೇಗೆ, ಮಲಮೂತ್ರಗಳು ಹೇಗೆ, ಮುಟ್ಟು ನಿಂತು ಎಷ್ಟು ವರ್ಷವಾಯಿತು? ದುಭಾಷಿಯಾಗಿ ನಿಂತಿದ್ದ ಮಗನು ಈ ಕೊನೆಯ ಪ್ರಶ್ನೆಗೆ ಬಂದಾಗ ಗೋಡೆಯ ಕಡೆ ತಿರುಗಿಕೊಂಡು ನುಡಿದನು. ತಾಯಿಯೂ ಗೋಡೆಗೇ ಉತ್ತರ ಹೇಳಿದರು. ನಾವು ಊರಿನಿಂದ ತಂದಿದ್ದ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಹೆಸರುಗಳನ್ನೆಲ್ಲ ಬರೆದುಕೊಂಡರು. ರಕ್ತವನ್ನು ತೆಳುವಾಗಿಸುವ ಔಷಧ ಉಂಟೇ, ಎದೆಯಲ್ಲಿ ಹೃದಯದ ಬಡಿತವನ್ನು ನಡೆಸುವ ಯಂತ್ರವೇನಾದರೂ ಇದೆಯೇ ಎಂದು ಎರಡು ಸಲ ವಿಚಾರಿಸಿದರು. ಮೊದಲನೆಯದಿದ್ದರೆ ರಕ್ತ ಸೋರಿ ಕಂದುವುದು ಹೆಚ್ಚು. ಎರಡನೆಯದಿದ್ದರೆ ಸೂಜಿಗೆ ವಿದ್ಯುತ್ತನ್ನು ಹರಿಸುವ ಕ್ರಮವು ಕೂಡದು. ಬಸುರಿಯರಿಗೂ ಕೆಲವು ಸ್ಥಾನಗಳು ವರ್ಜ್ಯ. ಬೆಳಗ್ಗೆ ತಿಂಡಿ ತಿಂದು ಬಂದಿದ್ದೀರಷ್ಟೆ ಎಂಬುದು ಅವರ ಕೊನೆಯ ಪ್ರಶ್ನೆ. ಬರಿಹೊಟ್ಟೆಯಲ್ಲಿ ಬಂದವರಿಗೆ ಸೂಜಿಯ ಭಯದಿಂದಲೇ ತಲೆ ತಿರುಗುವುದುಂಟಂತೆ. ಅದಕ್ಕಾಗಿ ಹೊಸಬರನ್ನು ಕುಳ್ಳಿರಿಸದೆ ಮಲಗಿಸಿಯೇ ಚಿಕಿತ್ಸೆ ಮಾಡುತ್ತಾರೆ.

ಉದ್ದವಾದ ಕೊಠಡಿ, ಪರದೆಗಳಿಂದ ಬೇರ್ಪಡಿಸಿದ ಹಾಸಿಗೆಗಳು, ಎಲ್ಲೆಲ್ಲಿಯೂ ಸುಟ್ಟ ಎಲೆಯ ವಾಸನೆ. ವೈದ್ಯೆಯು ಮುಚ್ಚಿದ ಹೊಸ ಪೊಟ್ಟಣವನ್ನು ನಮ್ಮ ಕಣ್ಣೆದುರಿಗೇ ಹರಿದು ಸೂಜಿಗಳನ್ನು ತೆಗೆದರು. ಒಮ್ಮೆ ಬಳಸಿದ್ದನ್ನು ಬಿಸಾಡುವುದೇ ಅಲ್ಲಿಯ ಕ್ರಮ. ನಮ್ಮ ಮನೆಯವರ ಎಣಿಕೆಯಲ್ಲಿದ್ದ ಸೂಜಿಯು ಗೋಣಿಚೀಲ ಹೊಲಿಯುವ ದಬ್ಬಳವೋ, ಹೆಚ್ಚೆಂದರೆ ಔಷಧ ಚುಚ್ಚುವ ಸೂಜಿಯೋ ಆಗಿದ್ದಿರಬೇಕು. ಇದಾದರೋ ಕಾಲು ಮಿಲಿಮೀಟರು ದಪ್ಪದ ಉಕ್ಕಿನ ಎಳೆ. ಒಳಗೆ ಟೊಳ್ಳಿಲ್ಲ, ಔಷಧವಿಲ್ಲ. ಬೆರಳಿನಿಂದ ಬಾಗಿಸಿದರೆ ಬಾಗುತ್ತದೆ. ಚುಚ್ಚಿದಾಗ ಇರುವೆ ಕಚ್ಚಿದಷ್ಟಾಯಿತೆಂದು ಅವರೇ ಹೇಳಿದರು. ಅದಲ್ಲ ವಿಶೇಷ. ಸೂಜಿಯು ಒಳಗೆ ಇಳಿದ ಮೇಲೆ ವೈದ್ಯೆಯು ಅದನ್ನು ಎರಡು ಬೆರಳುಗಳಲ್ಲಿ ಮೆಲ್ಲನೆ ಹೊರಳಿಸುತ್ತಿರಲು, ನಮ್ಮ ಮನೆಯವರು ಥಟ್ಟನೆ ‘ಅಯ್ಯೋ, ಪಾದದವರೆಗೂ ಜೋಮು ಹಿಡಿಯಿತು’ ಎಂದು ಕೂಗಿದರು. ಮಗನು ಅದನ್ನು ಅನುವಾದಿಸುವ ಮೊದಲೇ ವೈದ್ಯೆಯ ಮುಖ ಅರಳಿತು. ದಣಿದ ಸ್ನಾಯುವಿನ ನೋವು, ಜೋಮು, ಉಬ್ಬಿದಂತಹ ಬಿಗಿತ, ಭಾರ, ಈ ನಾಲ್ಕರಲ್ಲಿ ಒಂದಾದರೂ ಕಾಣಿಸಿಕೊಂಡರೆ ‘ಚೀ’ ಬಂದಿತೆಂದು ಅವರು ಹೇಳುತ್ತಾರೆ. ನಮ್ಮವರು ಪ್ರಾಣವಾಯುವೆನ್ನುವುದನ್ನು ಹೋಲುವ ಭಾವನೆ ಅದು.

ಸ್ಥಾನಗಳನ್ನು ಅಳೆಯುವ ಕ್ರಮವೂ ನಮಗೆ ಮನೆಯದೇ ಎನಿಸಿತು. ಅಳತೆಯ ಪಟ್ಟಿಯಿಲ್ಲ, ರೋಗಿಯ ಹೆಬ್ಬೆರಳಿನ ಅಗಲವೇ ಒಂದು ಅಂಗುಲ. ಆಯುರ್ವೇದದಲ್ಲಿಯೂ ಅವರವರ ದೇಹಕ್ಕೆ ಅವರವರ ಅಂಗುಲವೇ ಪ್ರಮಾಣವಷ್ಟೆ. ಹೆಸರುಗಳಂತೂ ಬಹು ಸೊಗಸು. ಮೊಣಚಿಪ್ಪಿನ ಕೆಳಗೆ ಪಕ್ಕದಲ್ಲಿರುವ ಕುಳಿಯು ‘ಕರುವಿನ ಮೂಗು’. ಮೊಣಕಾಲನ್ನು ಮಡಿಸಿ ನೋಡಿಕೊಂಡರೆ ಚಿಪ್ಪಿನ ಎರಡು ಕುಳಿಗಳು ಕರುವಿನ ಹೊಳ್ಳೆಗಳಂತೆಯೇ ಕಾಣುತ್ತವೆ. ತೊಡೆಯ ಒಳಮಗ್ಗುಲಲ್ಲಿ ಒಂದು ‘ರಕ್ತಸಾಗರ’. ಮೊಣಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಣಕಾಲೆಲುಬಿನ ಹೊರಪಕ್ಕದಲ್ಲಿರುವುದು ‘ಕಾಲಿನ ಮೂರು ಲೀ’. ಲೀ ಎಂಬುದು ಸುಮಾರು ಅರ್ಧ ಕಿಲೋಮೀಟರಿನ ಅಳತೆ. ಇನ್ನು ಹೆಜ್ಜೆ ಎತ್ತಲಾರೆನೆಂದು ಕುಸಿದ ದಾರಿಗನು ಇಲ್ಲಿ ಚಿಕಿತ್ಸೆ ಮಾಡಿಸಿಕೊಂಡರೆ ಮತ್ತೆ ಮೂರು ಲೀ ನಡೆಯುವನೆಂದು ಜನರು ಆ ಹೆಸರಿಗೆ ಅರ್ಥ ಹೇಳುತ್ತಾರೆ. ತಲೆನೋವಿಗೆ ಹೆಬ್ಬೆರಳಿನ ಬುಡದಲ್ಲಿಯೂ, ಹೊಟ್ಟೆಯ ತೊಂದರೆಗೆ ಮೊಣಕಾಲಿನ ಕೆಳಗೂ ಸೂಜಿ ಹಾಕುವುದನ್ನು ಕಂಡು, ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂಬ ನಮ್ಮ ಗಾದೆಯು ಚೀನದಲ್ಲಿ ಹಾಸ್ಯವಾಗಲಾರದೆಂದುಕೊಂಡೆವು.

ಹೀಗೆ ಒಂಬತ್ತು ಸೂಜಿಗಳನ್ನು ನಿಲ್ಲಿಸಿ, ಅಲುಗಾಡಬಾರದೆಂದು ಹೇಳಿ, ಮೇಲೆ ಕೆಂಪು ಬೆಳಕಿನ ಕಾವುದೀಪವನ್ನಿಟ್ಟು ಹೋದರು. ಇಪ್ಪತ್ತೈದು ನಿಮಿಷ. ಹತ್ತು ನಿಮಿಷಕ್ಕೆಲ್ಲ ನಮ್ಮ ಮನೆಯವರು ಗೊರಕೆ ಹೊಡೆಯುತ್ತಿದ್ದರು. ಹೆದರಿ ರಾತ್ರಿಯಿಡೀ ಎಚ್ಚರವಾಗಿದ್ದುದರ ಫಲವೂ ಇದ್ದೀತು. ಸೂಜಿ ತೆಗೆದಾಗ ಒಂದೆಡೆ ಸಾಸಿವೆಯಷ್ಟು ರಕ್ತ ಬಂದಿತು, ಅರಳೆಯಿಂದ ಒತ್ತಿದರು. ಮರುದಿನ ಅಲ್ಲಿ ರೂಪಾಯಿಯಗಲ ಕಂದಿತ್ತು. ಅದಕ್ಕಿಂತ ಹೆಚ್ಚಿನ ಹಿಂಸೆಯೇನೂ ಆಗಲಿಲ್ಲ.

ಆ ಸುಟ್ಟ ಎಲೆಯ ವಾಸನೆಯ ಮೂಲವು ಎರಡನೆಯ ಭೇಟಿಯಲ್ಲಿ ತಿಳಿಯಿತು. ಚೀನೀಯರು ಈ ಚಿಕಿತ್ಸೆಯನ್ನು ಕರೆಯುವ ಹೆಸರಿನಲ್ಲಿ ಎರಡು ಪದಗಳಿವೆ: ಒಂದು ಸೂಜಿ, ಇನ್ನೊಂದು ಸುಡುವಿಕೆ. ಒಣಗಿಸಿ ಕುಟ್ಟಿ ಅರಳೆಯಂತೆ ಮಾಡಿದ ಒಂದು ಸೊಪ್ಪನ್ನು ಕಾಗದದಲ್ಲಿ ಸುರುಳಿ ಸುತ್ತಿ, ಕೆಂಡ ಮಾಡಿ, ಚರ್ಮಕ್ಕೆ ತಾಕದಂತೆ ಹಿಡಿಯುತ್ತಾರೆ. ನಮ್ಮ ಮನೆಯವರು ಆ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ‘ಇದು ನಮ್ಮ ಮಾಚಿಪತ್ರೆಯ ಬಳಗವಲ್ಲವೇ?’ ಎಂದರು. ಅವರ ಮಾತು ನಿಜ. ಮಾಚಿಪತ್ರೆ, ದವನ, ಚೀನದ ಈ ಸೊಪ್ಪು, ಮೂರೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಲದವು. ಸಕ್ಕರೆಯ ಕಾಯಿಲೆಯವರಿಗೆ ಪಾದಗಳಲ್ಲಿ ಬಿಸಿಯ ಅರಿವು ಕಡಮೆಯಿರುವ ಸಂಭವವುಂಟಾದುದರಿಂದ, ಸುಟ್ಟೀತೆಂದು ವೈದ್ಯೆಯು ಅದನ್ನು ನಮ್ಮವರ ಮೊಣಕಾಲಿಗೆ ಮಾತ್ರ, ಅದೂ ತಮ್ಮ ಬೆರಳನ್ನು ಪಕ್ಕದಲ್ಲಿಟ್ಟು ಕಾವನ್ನು ನೋಡಿಕೊಳ್ಳುತ್ತ ಹಿಡಿದರು.

ವಾರಕ್ಕೆ ಎರಡರಂತೆ ಹತ್ತು ಭೇಟಿಗಳು ಗೊತ್ತಾದವು. ಮೊದಲೆರಡರಲ್ಲಿ ಗುಣವೇನೂ ಕಾಣಲಿಲ್ಲ. ನಾಲ್ಕನೆಯದರ ಹೊತ್ತಿಗೆ ಬೆಳಗಿನ ಬಿಗಿತವು ಸಡಿಲವಾಗಿ, ಮಗನ ಮನೆಯ ಮೆಟ್ಟಿಲುಗಳನ್ನು ಕಂಬಿ ಹಿಡಿಯದೆ ಇಳಿದರು. ಸಂತೋಷದ ಸಂಗತಿಯೇ. ಆದರೆ ಆ ಸಂತೋಷವು ಇನ್ನೊಂದು ಬಾಗಿಲನ್ನು ತೆರೆಯಿತು. ಮಗನಿದ್ದ ಕಟ್ಟಡದಲ್ಲಿ ನಮ್ಮ ದೇಶದವರೇ ಆದ ಒಬ್ಬ ಹೆಂಗಸು ಪರಿಚಯವಾಗಿದ್ದರು. ಸೂಜಿಯಿಂದ ಸಕ್ಕರೆಯ ಕಾಯಿಲೆಯೂ ಬುಡಸಹಿತ ಹೋಗುತ್ತದೆ, ಮಾತ್ರೆಗಳನ್ನು ನುಂಗುತ್ತಿದ್ದರೆ ಸೂಜಿಯ ಗುಣ ಕೆಡುತ್ತದೆ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರಂತೆ. ನಮ್ಮ ಮನೆಯವರು ನಮಗೆ ತಿಳಿಸದೆ ಆರು ದಿನ ಮಾತ್ರೆಗಳನ್ನು ಕಿಟಕಿಯಲ್ಲಿದ್ದ ಹೂಕುಂಡದ ಮಣ್ಣಿನಲ್ಲಿ ಹೂಳಿದರು. ಏಳನೆಯ ಬೆಳಗ್ಗೆ ಎದ್ದವರೇ ಮೂರು ಲೋಟ ನೀರು ಕುಡಿದರು. ಕಣ್ಣು ಮಂಜಾಗಿದೆಯೆಂದರು. ಊರಿನಿಂದ ತಂದಿದ್ದ ಸಣ್ಣ ಯಂತ್ರದಲ್ಲಿ ಬೆರಳಿನ ರಕ್ತವನ್ನಿಟ್ಟು ನೋಡಿದರೆ ಬರಿಹೊಟ್ಟೆಯ ಸಕ್ಕರೆಯು ೨೬೮. ಎಂದೂ ೧೩೦ನ್ನು ದಾಟಿದುದಲ್ಲ. ಆಗ ಹೂಕುಂಡದ ಸಂಗತಿಯು ಹೊರಬಿದ್ದಿತು. ಕೋಪವು ಬಂದಿತಾದರೂ ಆ ಮುಖವನ್ನು ನೋಡಿ ಮಾತು ಬಾರಲಿಲ್ಲ. ಏಳು ವರ್ಷಗಳ ನೋವು ತಿಂದವರಿಗೆ ಮೊದಲ ಬಾರಿ ಒಂದು ಕಡೆ ನೆಮ್ಮದಿ ಸಿಕ್ಕಿದಾಗ, ಎಲ್ಲವೂ ಆ ದಾರಿಯಲ್ಲಿಯೇ ವಾಸಿಯಾಗಲೆಂದು ಆಸೆಪಟ್ಟರೆ ತಪ್ಪು ಯಾರದು?

ಆ ದಿನವೇ ವೈದ್ಯೆಯ ಬಳಿಗೆ ಹೋದೆವು. ಕಡಮೆ ಮಾತಿನ ಆ ಹೆಂಗಸು ಅಂದು ಬಹಳ ಮಾತನಾಡಿದರು. ಮಗನು ಅದರಲ್ಲಿ ಅರ್ಧವನ್ನು ಮಾತ್ರ ಅನುವಾದಿಸಿದನೆಂದು ನಮ್ಮ ಗುಮಾನಿ. ಸೂಜಿಯು ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ. ಯಾವ ಔಷಧವನ್ನೂ ಅದನ್ನು ಬರೆದುಕೊಟ್ಟ ವೈದ್ಯರ ಅಪ್ಪಣೆಯಿಲ್ಲದೆ ಬಿಡಕೂಡದು ಎಂಬುದು ಅದರ ತಾತ್ಪರ್ಯ. ಸೂಜಿ ಹಾಕದೆ, ಅದೇ ಕಟ್ಟಡದ ಮೇಲಣ ಅಂತಸ್ತಿನಲ್ಲಿದ್ದ ಸಕ್ಕರೆ ಕಾಯಿಲೆಯ ವೈದ್ಯರ ಬಳಿಗೆ ತಾವೇ ಕೈಹಿಡಿದು ಕರೆದುಕೊಂಡು ಹೋದರು. ಮಾತ್ರೆಗಳು ಮತ್ತೆ ಆರಂಭವಾಗಿ ಅಂಕಿಯು ಇಳಿಯಲು ಒಂದು ವಾರ ಹಿಡಿಯಿತು. ಆ ವಾರ ನಮಗೆ ಪೀಕಿಂಗಿನ ಯಾವ ವೈಭವವೂ ಬೇಕಾಗಿರಲಿಲ್ಲ.

ಈ ಪ್ರಸಂಗದ ಅನಂತರ ನಾವು ಈ ವಿದ್ಯೆಯ ವಿಷಯವಾಗಿ ಓದತೊಡಗಿದೆವು. ಚೀ ಎಂಬುದು ಹರಿಯುವುದೆನ್ನುವ ನಾಳಗಳು ಶವಪರೀಕ್ಷೆಯಲ್ಲಿ ಯಾರಿಗೂ ಸಿಕ್ಕಿಲ್ಲ. ಆದರೆ ಸೂಜಿಯ ಪ್ರಚೋದನೆಯಿಂದ ನರಗಳು ಎಚ್ಚೆತ್ತು, ಮಿದುಳು ಮತ್ತು ಬೆನ್ನುಹುರಿಗಳಲ್ಲಿ ನೋವನ್ನು ತಗ್ಗಿಸುವ ದ್ರವ್ಯಗಳು ಸ್ರವಿಸುತ್ತವೆಂಬುದನ್ನು ಪೀಕಿಂಗಿನ ವಿಜ್ಞಾನಿಗಳೇ ಮೊದಲ್ಗೊಂಡು ಹಲವರು ತೋರಿಸಿದ್ದಾರೆ. ಜರ್ಮನಿಯಲ್ಲಿ ಸೊಂಟನೋವಿನ ೧,೧೬೨ ಜನರನ್ನು ಮೂರು ಪಂಗಡ ಮಾಡಿ ನಡೆಸಿದ ಒಂದು ಪರೀಕ್ಷೆಯ ಫಲವು ೨೦೦೭ರಲ್ಲಿ ಪ್ರಕಟವಾಯಿತು. ಶಾಸ್ತ್ರೋಕ್ತ ಸ್ಥಾನದಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ ೪೭.೬ ಮಂದಿಗೆ ಗುಣ. ಸ್ಥಾನವಲ್ಲದ ಕಡೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ೪೪.೨, ಔಷಧ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಪಡೆದವರಲ್ಲಿ ೨೭.೪. ಸೂಜಿಯ ಭಕ್ತರು ಮೊದಲನೆಯ ಮತ್ತು ಮೂರನೆಯ ಅಂಕಿಗಳನ್ನು ಹಿಡಿದು ಕುಣಿಯುತ್ತಾರೆ. ಸಂಶಯವಾದಿಗಳು ಮೊದಲೆರಡನ್ನು ಹಿಡಿದು ನಗುತ್ತಾರೆ. ಮೂರನ್ನೂ ಒಟ್ಟಿಗೆ ನೋಡುವವರು ಕಡಮೆ. ೨೦೧೮ರಲ್ಲಿ ೩೯ ಪರೀಕ್ಷೆಗಳ ೨೦,೮೨೭ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿದವರು, ದೀರ್ಘಕಾಲದ ನೋವುಗಳಲ್ಲಿ ನಿಜವಾದ ಸೂಜಿಯು ತೋರಿಕೆಯ ಸೂಜಿಗಿಂತ ಸ್ವಲ್ಪ ಮೇಲು, ಸೂಜಿಯನ್ನೇ ಹಾಕದಿರುವುದಕ್ಕಿಂತ ಬಹಳ ಮೇಲು ಎಂದು ಕಂಡರು. ಅರೆತಲೆನೋವು ಮರುಕಳಿಸದಿರಲು ಐದರಿಂದ ಎಂಟು ವಾರಗಳಲ್ಲಿ ಹತ್ತು ಭೇಟಿಗಳವರೆಗೆ ಕೊಡಬಹುದೆಂದು ಬ್ರಿಟನ್ನಿನ ಆರೋಗ್ಯಸಂಸ್ಥೆಯು ೨೦೧೨ರಲ್ಲಿ ಸೂಚಿಸಿತು. ಶಸ್ತ್ರಕ್ರಿಯೆಯ ಅನಂತರದ ವಾಕರಿಕೆಗೆ ಮಣಿಕಟ್ಟಿನ ಒಳಪಕ್ಕದ ಒಂದು ಸ್ಥಾನವು ಒದಗುವುದೆಂಬುದಕ್ಕೂ ಒಳ್ಳೆಯ ಆಧಾರಗಳಿವೆ. ಮೊಣಕಾಲ ಸವೆತದ ಮಾತು ಬಂದರೆ ಪಂಡಿತರಲ್ಲಿಯೇ ಜಗಳ: ೨೦೧೯ರಲ್ಲಿ ಅಮೆರಿಕದ ಸಂಧಿವೈದ್ಯರ ಸಂಘವು ಮಾಡಿಸಬಹುದೆಂದಿತು, ೨೦೨೨ರಲ್ಲಿ ಅದೇ ಬ್ರಿಟಿಷ್ ಸಂಸ್ಥೆಯು ಕೊಡಬೇಡಿರೆಂದಿತು. ಸಕ್ಕರೆ ಕಾಯಿಲೆಯನ್ನು ಬುಡಸಹಿತ ಕಳೆಯುತ್ತದೆಂಬ ಮಾತಿಗಾದರೋ ಎಲ್ಲಿಯೂ ಆಧಾರವಿಲ್ಲ.

ಅಪಾಯದ ಭಯವಿದ್ದವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ಶಿಕ್ಷಣ ಹೊಂದಿದ ಸೂಜಿವೈದ್ಯರ ೩೪,೪೦೭ ಚಿಕಿತ್ಸೆಗಳನ್ನು ಎಣಿಸಿ ೨೦೦೧ರಲ್ಲಿ ಪ್ರಕಟಿಸಿದಾಗ ಗಂಭೀರವಾದ ಅಪಾಯವೊಂದೂ ಕಂಡಿರಲಿಲ್ಲ. ಶಿಕ್ಷಣವಿಲ್ಲದ ಕೈಯಲ್ಲಿ ಹಾಗಲ್ಲ. ಎದೆಯ ಮೇಲೆ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತೂತು ಬಿದ್ದ ಪ್ರಸಂಗಗಳು, ಅಪರೂಪವಾದರೂ, ದಾಖಲೆಯಲ್ಲಿವೆ. ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳವು ೧೯೯೬ರಲ್ಲಿ ಈ ಚಿಕಿತ್ಸೆಗೆ ಕಾಯಿದೆಯನ್ನು ಮಾಡಿತು. ಕೇಂದ್ರಸರಕಾರವು ೨೦೧೯ರಲ್ಲಿ ಇದಕ್ಕೆ ಮನ್ನಣೆಯಿತ್ತಿತು. ಆದರೂ ಚಿಕಿತ್ಸೆಗೆ ಹೋಗುವ ಸೋದರಿಯರು ವೈದ್ಯರು ಎಲ್ಲಿ ಕಲಿತವರೆಂದು ಕೇಳಲು ಸಂಕೋಚಪಡಬಾರದು. ಸೂಜಿಯ ಪೊಟ್ಟಣವನ್ನು ತಮ್ಮೆದುರಿಗೇ ಹರಿಯಿರೆಂದು ಹೇಳಲೂ ಬಾರದ ಸಂಕೋಚವು ಬೇಡ.

ಏಪ್ರಿಲ್ ೫ರಂದು ಚೀನೀಯರ ಪಿತೃಗಳ ಹಬ್ಬ. ನಮ್ಮ ಮಹಾಲಯದಂತೆ ಅಂದು ಅವರು ಹಿರಿಯರ ಸಮಾಧಿಗಳನ್ನು ಗುಡಿಸಿ ಹೂವಿಟ್ಟು ನಮಸ್ಕರಿಸುತ್ತಾರೆ. ಆ ದಿನ ಕೋಟ್ನೀಸರಿಗೆ ಹೂವಿಡಬೇಕೆಂದು ನಮ್ಮ ಮನೆಯವರೇ ಹಟ ಹಿಡಿದರು. ಷಿಜಿಯಾಜ್ವಾಂಗ್ ನಗರವು ಪೀಕಿಂಗಿನಿಂದ ೨೮೦ ಕಿಲೋಮೀಟರು. ವೇಗದ ರೈಲು ಒಂದೂವರೆ ಗಂಟೆಯೊಳಗೆ ಮುಟ್ಟಿಸಿತು. ದಾರಿಯುದ್ದಕ್ಕೂ ಎಳೆಗೋದಿಯ ಹಸಿರು. ಹೊಲಗಳ ನಡುವೆ ಅಲ್ಲಲ್ಲಿ ಸಮಾಧಿಯ ಗುಡ್ಡೆಗಳು, ಅವುಗಳ ಸುತ್ತ ಮನೆಮಂದಿ.

ಹುತಾತ್ಮರ ಸ್ಮಶಾನವು ಊರೊಳಗಿನ ವಿಶಾಲವಾದ ಉದ್ಯಾನ. ಕೆನಡಾ ದೇಶದಿಂದ ಬಂದು ಅಲ್ಲಿಯೇ ಮಡಿದ ಡಾಕ್ಟರ್ ನಾರ್ಮನ್ ಬೆಥ್ಯೂನರ ಸಮಾಧಿಯೂ ಕೋಟ್ನೀಸರ ಸಮಾಧಿಯೂ ಇಲ್ಲಿವೆ. ದ್ವಾರದಿಂದ ಒಳಗೆ ನಡೆಯಬೇಕಾದ ದಾರಿಯನ್ನು ಕಂಡು ಮಗನು ಗಾಲಿಕುರ್ಚಿಯನ್ನು ವಿಚಾರಿಸಲು ಹೊರಟನು. ತಾಯಿ ಬೇಡವೆಂದರು. ಎರಡು ಕಡೆ ಕಲ್ಲುಬೆಂಚಿನ ಮೇಲೆ ಕುಳಿತು, ಒಂದು ಕಡೆ ನಮ್ಮ ತೋಳನ್ನು ಹಿಡಿದು, ನಡೆದೇ ಹೋದರು. ಮೂರು ಲೀ ಇರಲಿಲ್ಲ. ಒಂದು ಲೀ ಇದ್ದೀತು. ಕೋಟ್ನೀಸರ ಶಿಲಾಪ್ರತಿಮೆಯ ಬಳಿ ಬಿಳಿ, ಹಳದಿ ಸೇವಂತಿಗೆಯ ಕಟ್ಟುಗಳು ಆಗಲೇ ರಾಶಿಬಿದ್ದಿದ್ದವು. ಕೆಂಪು ಕೊರಳವಸ್ತ್ರದ ಶಾಲಾಮಕ್ಕಳ ಸಾಲೊಂದು ತಲೆಬಾಗಿ ನಿಂತಿತ್ತು. ಕಲ್ಲಿನ ಮೇಲೆ ಅವರ ಚೀನೀ ಹೆಸರು: ಕ ದಿಹುವಾ. ಕೊನೆಯ ‘ಹುವಾ’ ಎಂದರೆ ಚೀನ. ನಮ್ಮ ಐವರು ವೈದ್ಯರೂ ತಮ್ಮ ಹೆಸರಿನ ತುದಿಗೆ ಆ ದೇಶದ ಹೆಸರನ್ನು ಸೇರಿಸಿಕೊಂಡಿದ್ದರು.

ನಮ್ಮ ಮನೆಯವರು ಸೀರೆಯ ಸೆರಗಿನ ಗಂಟನ್ನು ಬಿಚ್ಚಿ, ಸೋಲಾಪುರದ ಸಿದ್ಧರಾಮೇಶ್ವರನ ಗುಡಿಯಿಂದ ತಂದಿದ್ದ ಚಿಟಿಕೆ ವಿಭೂತಿಯನ್ನು ಹೂಗಳ ಪಕ್ಕದಲ್ಲಿಟ್ಟರು. ‘ನಿಮ್ಮ ಊರಿನಿಂದ ತಂದದ್ದು’ ಎಂದು ಕನ್ನಡದಲ್ಲಿಯೇ ಹೇಳಿದರು. ಸಾಲಿನಲ್ಲಿದ್ದ ಒಬ್ಬ ಹುಡುಗಿಯು ಅವರ ಸೀರೆಯನ್ನು ನೋಡಿ ಏನನ್ನೋ ಕೇಳಿದಳು. ಇಂಡಿಯಾದವರೇ, ಅವರ ನೆಂಟರೇ ಎಂದು ಕೇಳುತ್ತಿದ್ದಾಳೆ ಎಂದು ಮಗ ಹೇಳಿದನು. ‘ಹೌದೆನ್ನು’ ಎಂದರು ಇವರು.

ಹತ್ತು ಭೇಟಿಗಳನ್ನು ಮುಗಿಸಿಕೊಂಡು ಊರಿಗೆ ಮರಳಿದೆವು. ಸೂಜಿಯ ಸುಖವು ನಾಲ್ಕೈದು ತಿಂಗಳು ನಿಂತಿತು; ದೀಪಾವಳಿಯ ಹೊತ್ತಿಗೆ ಅರ್ಧ ನೋವು ಹಿಂದಿರುಗಿತ್ತು. ಆದರೆ ಆ ತಿಂಗಳುಗಳಲ್ಲಿ ನಡೆಯುವ ಅಭ್ಯಾಸವು ಹತ್ತಿ, ನಮ್ಮ ವೈದ್ಯರು ಹೇಳಿದ ವ್ಯಾಯಾಮವೂ ಸಾಧ್ಯವಾಗಿ, ತೂಕವು ಆರು ಕಿಲೋ ಇಳಿದಿತ್ತು. ಬಲಮೊಣಕಾಲಿಗೆ ೨೦೨೨ರಲ್ಲಿ ಶಸ್ತ್ರಕ್ರಿಯೆಯಾಯಿತು. ಹಿಂದಿನ ದಿನ ಊಟ ಬಿಡಲಿಲ್ಲ. ಎಡಗಾಲು ಇನ್ನೂ ತಡೆದುಕೊಂಡಿದೆ. ರಾತ್ರಿ ಪತ್ರಿಕೆಯನ್ನು ಓದುವಾಗ ಎಡಮೊಣಚಿಪ್ಪಿನಿಂದ ನಾಲ್ಕು ಬೆರಳು ಅಳೆದು, ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತ ಕುಳಿತಿರುತ್ತಾರೆ. ಮಾತ್ರೆಯ ಡಬ್ಬಿಯು ನಮ್ಮ ಕಣ್ಣಿಗೆ ಬೀಳುವಂತೆ ಮೇಜಿನ ಮೇಲಿರುತ್ತದೆ. ಬೆಳಗಿನ ರಂಗೋಲಿಯನ್ನು ಸಣ್ಣ ಸ್ಟೂಲಿನ ಮೇಲೆ ಕುಳಿತು ತಾವೇ ಹಾಕುತ್ತಾರೆ. ನೆರೆಮನೆಯ ಹುಡುಗಿಯು ಈಗ ಬಣ್ಣ ತುಂಬಲು ಮಾತ್ರ ಬರುತ್ತಾಳೆ.